ಆವೃತ್ತಿ ಸಂಖ್ಯೆ 1.0.0.0ರಲ್ಲೇ ಏಕೆ ನಿಂತಿದೆ?

ಪ್ರಶ್ನೆ: ಸಾಗರದಲ್ಲಿ ನಾವು ನಾಲ್ವರು ಸೇರಿ ಅಡಿಕೆ ಮಂಡಿಗಳಿಗೂ ಸಹಕಾರ ಸಂಘಗಳಿಗೂ ಲೆಕ್ಕದ ತಂತ್ರಾಂಶ ಬರೆದುಕೊಡುತ್ತೇವೆ. ಅದರಲ್ಲಿ ಒಟ್ಟು ಒಂಬತ್ತು ಪ್ರಾಜೆಕ್ಟ್‌ಗಳಿವೆ. ಹಿಂದೆ ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಪ್ರತಿ ಬಿಲ್ಡ್‌ಗೂ (ಕೋಡ್‌ನಿಂದ ಪ್ರೋಗ್ರಾಂ ತಯಾರಿಸಿದಾಗಲೆಲ್ಲ) ಅಸೆಂಬ್ಲಿಇನ್ಫೋ ಫೈಲ್‌ನಲ್ಲಿ ಆವೃತ್ತಿ ಸಂಖ್ಯೆಯನ್ನು ತಿದ್ದುತ್ತಿತ್ತು. ಈಚೆಗೆ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಬಿಟ್ಟು ಡಾಟ್‌ನೆಟ್ 8ಕ್ಕೆ ಬಂದೆವು. ಬಂದ ದಿನವೇ ಆಟ್ರಿಬ್ಯೂಟ್ (ಪ್ರೋಗ್ರಾಂಗೆ ಅಂಟಿಸುವ ವಿವರದ ಸಾಲು) ಎರಡು ಸಲ ಇದೆ ಎಂಬ ದೋಷ ಕಾಣಿಸಿತು. ಹುಡುಕಿ ನೋಡಿ ಜನರೇಟ್‌ಅಸೆಂಬ್ಲಿಇನ್ಫೋ ಎಂಬುದಕ್ಕೆ ಫಾಲ್ಸ್ ಕೊಟ್ಟೆವು, ದೋಷ ಹೋಯಿತು. ಆದರೆ ಅಂದಿನಿಂದ ಬಿಲ್ಡ್ ಸರ್ವರ್‌ನಿಂದ ಯಾವ ಆವೃತ್ತಿ ಕೊಟ್ಟರೂ ಡಿಎಲ್‌ಎಲ್‌ಗಳಲ್ಲಿ (ಬಿಲ್ಡ್‌ನಿಂದ ಹುಟ್ಟುವ ಫೈಲ್‌ಗಳಲ್ಲಿ) 1.0.0.0 ಎಂದೇ ಕಾಣುತ್ತಿದೆ. ಅಪ್‌ಡೇಟ್ ಹಾಕಿದ ಮೇಲೂ ಕೆಲವು ಸಂಘಗಳಲ್ಲಿ ಹಳೆಯ ಲೆಕ್ಕವೇ ಬರುತ್ತಿದೆ. ಅಸೆಂಬ್ಲಿವರ್ಷನ್, ಫೈಲ್‌ವರ್ಷನ್, ಇನ್ಫರ್ಮೇಷನಲ್‌ವರ್ಷನ್ ಎಂಬ ಮೂರು ಬಗೆಯ ಆವೃತ್ತಿಗಳಲ್ಲಿ ಯಾವುದನ್ನು ಯಾವಾಗ ಬದಲಿಸಬೇಕು? ಸಂಸ್ಥೆಯ ಹೆಸರನ್ನು ಕನ್ನಡದಲ್ಲೇ ಹಾಕಬಹುದೇ? ಹಿಂದೆ ಹಾಕಿದಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದವು.

ಉತ್ತರ: ನೀವು ಹೇಳಿದ ತೊಂದರೆಗಳು ಬೇರೆ ಬೇರೆಯಾಗಿ ಕಾಣುತ್ತವೆ, ಆದರೆ ಬೇರು ಒಂದೇ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಒಂದೇ ವಿವರವನ್ನು ಬರೆಯಲು ಎರಡು ಮೂರು ಕೈಗಳು ಇವೆ. ಒಂದು, ಹಳೆಯ ಅಸೆಂಬ್ಲಿಇನ್ಫೋ ಫೈಲ್. ಇನ್ನೊಂದು, ಹೊಸ ಎಸ್‌ಡಿಕೆ (ಡಾಟ್‌ನೆಟ್‌ನ ಬಿಲ್ಡ್ ಸಾಧನಗಳ ಕಟ್ಟು) ತಾನಾಗಿ ಹುಟ್ಟಿಸುವ ಫೈಲ್. ಮೂರನೆಯದು ನಿಮ್ಮ ಸ್ಕ್ರಿಪ್ಟ್. ಎರಡು ಕೈಗಳು ಒಟ್ಟಿಗೆ ಬರೆದಾಗ, ಕೋಡ್ ಅನ್ನು ಪ್ರೋಗ್ರಾಂ ಮಾಡುವ ಕಂಪೈಲರ್ ಜಗಳ ತೆಗೆಯಿತು. ನೀವು ಒಂದು ಕೈಯನ್ನು ಕಟ್ಟಿಹಾಕಿದಿರಿ, ಆದರೆ ಕಟ್ಟಿಹಾಕಿದ್ದು ಕೆಲಸ ಮಾಡಬೇಕಿದ್ದ ಕೈಯನ್ನೇ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಫೈಲ್‌ನಲ್ಲಿ ಬರೆಯುವಾಗ ಮಾತ್ರ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ದೋಷವನ್ನೇ ನೋಡೋಣ. ಅದರ ಸಂಖ್ಯೆ ಸಿಎಸ್ 0579. ಹಳೆಯ ಪ್ರಾಜೆಕ್ಟ್‌ಗಳಲ್ಲಿ ಪ್ರಾಪರ್ಟೀಸ್ ಫೋಲ್ಡರ್‌ನೊಳಗೆ ಅಸೆಂಬ್ಲಿಇನ್ಫೋ ಎಂಬ ಸಿ ಶಾರ್ಪ್ ಫೈಲ್ ಇರುತ್ತಿತ್ತು. ಹೆಸರು, ಸಂಸ್ಥೆ, ಹಕ್ಕುಸ್ವಾಮ್ಯ, ಆವೃತ್ತಿ ಎಲ್ಲವನ್ನೂ ಅದರಲ್ಲಿ ಕೈಯಾರೆ ಬರೆಯುತ್ತಿದ್ದೆವು. 2017ರಲ್ಲಿ ಬಂದ ಹೊಸ ಮಾದರಿಯ ಪ್ರಾಜೆಕ್ಟ್ ಫೈಲ್ ಈ ಕೆಲಸವನ್ನು ಬಿಲ್ಡ್ ನಡೆಸುವ ಎಂಎಸ್‌ಬಿಲ್ಡ್ ಎಂಬ ಸಾಧನಕ್ಕೆ ಒಪ್ಪಿಸಿತು. ಪ್ರಾಜೆಕ್ಟ್ ಫೈಲ್‌ನಲ್ಲಿರುವ ಪ್ರಾಪರ್ಟಿಗಳನ್ನು ಓದಿ, ಓಬಿಜೆ ಫೋಲ್ಡರ್‌ನೊಳಗೆ ಎಂಎಸ್‌ಬಿಲ್ಡ್ ತಾನೇ ಒಂದು ಅಸೆಂಬ್ಲಿಇನ್ಫೋ ಫೈಲ್ ಬರೆದು ಕಂಪೈಲರ್‌ಗೆ ಕೊಡುತ್ತದೆ. ಫೋಲ್ಡರ್‌ನಲ್ಲಿರುವ ಎಲ್ಲ ಸಿ ಶಾರ್ಪ್ ಫೈಲ್‌ಗಳನ್ನೂ ಹೊಸ ಮಾದರಿ ತಾನಾಗಿ ಸೇರಿಸಿಕೊಳ್ಳುವುದರಿಂದ ನಿಮ್ಮ ಹಳೆಯ ಫೈಲ್ ಕೂಡ ಒಳಗೆ ಬಂತು. ಹೀಗೆ ಒಂದೇ ಆಟ್ರಿಬ್ಯೂಟ್ ಎರಡು ಸಲ ಆಯಿತು.

ಆಗ ನೀವು ಜನರೇಟ್‌ಅಸೆಂಬ್ಲಿಇನ್ಫೋಗೆ ಫಾಲ್ಸ್ ಕೊಟ್ಟಿರಿ. ಕೆಲವು ಪರಿವರ್ತಕ ಸಾಧನಗಳು ಈ ಸಾಲನ್ನು ತಾವಾಗಿಯೇ ಸೇರಿಸುತ್ತವೆ, ಹಾಗಾಗಿ ನಿಮ್ಮನ್ನು ದೂರುವಂತಿಲ್ಲ. ಆದರೆ ಇದರ ಅರ್ಥವೇನು ನೋಡಿ. ಸರ್ವರ್‌ನಿಂದ ನೀವು -ಪಿ:ವರ್ಷನ್=2.4.1 ಎಂದು ಕೊಡುತ್ತೀರಿ. ಎಂಎಸ್‌ಬಿಲ್ಡ್ ಅದನ್ನು ಸರಿಯಾಗಿಯೇ ತೆಗೆದುಕೊಳ್ಳುತ್ತದೆ. ಆದರೆ ಆ ಪ್ರಾಪರ್ಟಿಯನ್ನು ಆಟ್ರಿಬ್ಯೂಟ್ ಆಗಿ ಬರೆಯುವ ಹಂತವನ್ನೇ ನೀವು ನಿಲ್ಲಿಸಿದ್ದೀರಿ. ಕಂಪೈಲರ್‌ಗೆ ಕಾಣುವುದು ಹಳೆಯ ಫೈಲ್‌ನಲ್ಲಿರುವ 1.0.0.0 ಮಾತ್ರ. ದೋಷವೂ ಬಾರದು, ಎಚ್ಚರಿಕೆಯೂ ಬಾರದು, ಬಿಲ್ಡ್ ಹಸಿರಾಗಿಯೇ ಮುಗಿಯುತ್ತದೆ. ಈ ಮೌನವೇ ನನ್ನನ್ನು ಹೆಚ್ಚು ಕಾಡುವುದು.

ಹಾಗಾಗಿ ಮೊದಲ ಕೆಲಸ: ಆ ಫಾಲ್ಸ್ ಸಾಲನ್ನು ಒಂಬತ್ತೂ ಪ್ರಾಜೆಕ್ಟ್‌ಗಳಿಂದ ತೆಗೆಯಿರಿ. ಆಮೇಲೆ ಹಳೆಯ ಅಸೆಂಬ್ಲಿಇನ್ಫೋ ಫೈಲ್ ತೆರೆದು ಟೈಟಲ್, ಡಿಸ್ಕ್ರಿಪ್ಷನ್, ಕಾನ್ಫಿಗರೇಷನ್, ಕಂಪನಿ, ಪ್ರಾಡಕ್ಟ್, ಕಾಪಿರೈಟ್, ವರ್ಷನ್, ಫೈಲ್‌ವರ್ಷನ್ ಈ ಸಾಲುಗಳನ್ನು ಅಳಿಸಿರಿ. ಇಡೀ ಫೈಲ್ ಅನ್ನು ಕಣ್ಣುಮುಚ್ಚಿ ಅಳಿಸಬೇಡಿ. ಕಾಮ್‌ವಿಸಿಬಲ್, ಗೈಡ್, ಇಂಟರ್ನಲ್ಸ್‌ವಿಸಿಬಲ್‌ಟು ಮುಂತಾದವು ಅಲ್ಲಿದ್ದರೆ ಅವುಗಳನ್ನು ಎಸ್‌ಡಿಕೆ ತಾನಾಗಿ ಹುಟ್ಟಿಸುವುದಿಲ್ಲ. ಅವು ಹೋದರೆ ನಿಮ್ಮ ಪರೀಕ್ಷಾ ಪ್ರಾಜೆಕ್ಟ್ ಕಂಪೈಲ್ ಆಗದೆ ಉಳಿಯಬಹುದು.

ಇಷ್ಟಾದ ಮೇಲೂ ಅದೇ ದೋಷ ಬಂದರೆ, ಒಂದು ಪ್ರಾಜೆಕ್ಟ್‌ನ ಫೋಲ್ಡರ್‌ನೊಳಗೆ ಇನ್ನೊಂದು ಪ್ರಾಜೆಕ್ಟ್ ಇದೆಯೇ ಎಂದು ನೋಡಿ. ಹೊರಗಿನ ಪ್ರಾಜೆಕ್ಟ್ ಒಳಗಿನದರ ಓಬಿಜೆ ಫೋಲ್ಡರ್‌ನಲ್ಲಿ ಹುಟ್ಟಿದ ಫೈಲನ್ನೂ ತನ್ನದೆಂದು ಸೇರಿಸಿಕೊಂಡಿರುತ್ತದೆ. ಪರೀಕ್ಷಾ ಪ್ರಾಜೆಕ್ಟ್ ಅನ್ನು ಮುಖ್ಯ ಪ್ರಾಜೆಕ್ಟ್‌ನ ಹೊಟ್ಟೆಯಿಂದ ಹೊರಗೆ ತೆಗೆದು ಪಕ್ಕದಲ್ಲಿ ಇಟ್ಟರೆ ಮುಗಿಯಿತು.

ಇನ್ನು ಮೂರು ಆವೃತ್ತಿಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ನಿಮ್ಮ ಸಂಘಗಳಲ್ಲಿ ಹಳೆಯ ಲೆಕ್ಕ ಉಳಿದಿರುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ.

ಹಲವು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನ ಒಂದು ಸಂಘಕ್ಕೆ ನಾನು ಖರೀದಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅಡಿಕೆ ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯುವ ಕಡೆ ಒಂದು ತಪ್ಪಿತ್ತು. ಗ್ರಾಂಗಳನ್ನು ಕೊನೆಯಲ್ಲಿ ಒಮ್ಮೆ ಪೂರ್ಣಾಂಕ ಮಾಡಬೇಕಿದ್ದುದನ್ನು ಪ್ರತಿ ಚೀಲಕ್ಕೂ ಮಾಡುತ್ತಿತ್ತು. ಬೆಳೆಗಾರರ ಚೀಟಿಯಲ್ಲಿ ಸಣ್ಣ ಮೊತ್ತ ಕಡಿಮೆ ಬರುತ್ತಿತ್ತು. ಕ್ವಿಂಟಲ್‌ಗೆ ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ರಾಶಿ ಅಡಿಕೆಯಲ್ಲಿ ಸಣ್ಣ ಮೊತ್ತವೂ ಸಣ್ಣದಲ್ಲ. ನಾನು ತಿದ್ದಿ ಅಪ್‌ಡೇಟ್ ಕಳುಹಿಸಿದೆ. ಅವರು ಹಾಕಿಕೊಂಡರು. ಮರುವಾರ ಮತ್ತೆ ಅದೇ ದೂರು. ಜುಲೈ ತಿಂಗಳ ಮಳೆ, ಫೋನ್ ಕಡಿದು ಕಡಿದು ಬರುತ್ತಿತ್ತು. ಕಾರ್ಯದರ್ಶಿಗಳಿಗೆ ಹೇಳಿದೆ: ಡಿಎಲ್‌ಎಲ್ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆಯಿರಿ, ಡೀಟೇಲ್ಸ್‌ನಲ್ಲಿ ಫೈಲ್ ವರ್ಷನ್ ಎಷ್ಟಿದೆ ಓದಿ. ಅವರು ಓದಿದರು: "ಒಂದು, ಸೊನ್ನೆ, ಸೊನ್ನೆ, ಸೊನ್ನೆ." ನಾನು ಅಲ್ಲಿಗೆ ಮೂರು ಅಪ್‌ಡೇಟ್ ಕಳುಹಿಸಿದ್ದೆ, ಮೂರಕ್ಕೂ ಅದೇ ಸಂಖ್ಯೆ. ಅಲ್ಲಿ ಕುಳಿತಿರುವುದು ಯಾವುದು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಮರುದಿನ ಬೆಳಗ್ಗೆ ಆಯನೂರು, ರಿಪ್ಪನ್‌ಪೇಟೆ ದಾರಿಯ ಬಸ್ ಹತ್ತಿ ಹೋಗಿ ನೋಡಿದೆ. ಫೈಲ್ ಹಳೆಯದೇ ಆಗಿತ್ತು.

ಕಾರಣ ಹೀಗಿದೆ. ವಿಂಡೋಸ್ ಇನ್‌ಸ್ಟಾಲರ್ ಒಂದು ಫೈಲನ್ನು ಬದಲಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಅದರ ಫೈಲ್ ಆವೃತ್ತಿಯನ್ನು ನೋಡಿ. ಇರುವ ಫೈಲ್‌ಗಿಂತ ಬರುವ ಫೈಲ್‌ನ ಸಂಖ್ಯೆ ಹೆಚ್ಚಿದ್ದರೆ ಬದಲಿಸುತ್ತದೆ. ಎರಡೂ ಸಮನಾಗಿದ್ದರೆ, ಇದ್ದದ್ದೇ ಸರಿ ಎಂದು ಬಿಟ್ಟುಬಿಡುತ್ತದೆ. ಹಳೆಯ ಆವೃತ್ತಿಯನ್ನು ಪೂರ್ತಿ ತೆಗೆದು ಹೊಸದನ್ನು ಹಾಕುವ ಬಗೆಯ ಅಪ್‌ಗ್ರೇಡ್ ಮಾಡಿದಲ್ಲಿ ಈ ತೊಂದರೆ ಕಾಣುವುದಿಲ್ಲ. ಇದ್ದುದರ ಮೇಲೆಯೇ ಹಾಕುವ ಸಣ್ಣ ಅಪ್‌ಡೇಟ್‌ಗಳಲ್ಲಿ ಕಾಣುತ್ತದೆ. ನಿಮ್ಮ ಗ್ರಾಹಕರಲ್ಲಿ ಕೆಲವರಿಗೆ ಮಾತ್ರ ಹಳೆಯ ಲೆಕ್ಕ ಬರುತ್ತಿದೆ ಎಂದು ಬರೆದಿದ್ದೀರಲ್ಲ, ಅವರು ಯಾವ ಬಗೆಯಲ್ಲಿ ಹಾಕಿಕೊಂಡರು ಎಂದು ವಿಚಾರಿಸಿ ನೋಡಿ. ನನಗೆ ಇದೇ ಕಾರಣವೆಂದು ಬಲವಾಗಿ ಅನ್ನಿಸುತ್ತದೆ.

ಹಾಗಾದರೆ ಫೈಲ್‌ವರ್ಷನ್ ಪ್ರತಿ ಬಿಲ್ಡ್‌ಗೂ ಏರಲೇಬೇಕು. ಇದರಲ್ಲಿ ರಾಜಿ ಬೇಡ.

ಅಸೆಂಬ್ಲಿವರ್ಷನ್‌ದು ಇದಕ್ಕೆ ಪೂರ್ತಿ ವಿರುದ್ಧವಾದ ಸ್ವಭಾವ. ಇದನ್ನು ಓದುವುದು ಮನುಷ್ಯರಲ್ಲ, ಇನ್‌ಸ್ಟಾಲರ್ ಕೂಡ ಅಲ್ಲ, ಡಾಟ್‌ನೆಟ್‌ನ ರನ್‌ಟೈಮ್. ಒಂದು ಡಿಎಲ್‌ಎಲ್ ಇನ್ನೊಂದನ್ನು ಕರೆಯುವಾಗ, ಕಂಪೈಲ್ ಆದ ದಿನ ಎದುರಿಗಿದ್ದ ಆವೃತ್ತಿ ಯಾವುದು ಎಂಬುದನ್ನು ತನ್ನೊಳಗೆ ಬರೆದಿಟ್ಟುಕೊಂಡಿರುತ್ತದೆ. ಹಳೆಯ ಫ್ರೇಮ್‌ವರ್ಕ್‌ನಲ್ಲಿ ಸ್ಟ್ರಾಂಗ್ ನೇಮ್ (ಸಹಿ ಹಾಕಿದ ಪೂರ್ಣ ಹೆಸರು) ಇದ್ದ ಅಸೆಂಬ್ಲಿಗಳಿಗೆ, ಅಂದರೆ ಅಂಥ ಡಿಎಲ್‌ಎಲ್‌ಗಳಿಗೆ, ಆ ಸಂಖ್ಯೆ ಅಂಕಿಗೆ ಅಂಕಿ ಹೊಂದಬೇಕಿತ್ತು. ಒಂದಂಕಿ ಬೇರೆಯಾದರೂ, ಆ ಸಂಖ್ಯೆಯ ಬದಲು ಈ ಸಂಖ್ಯೆ ಸಾಕು ಎಂದು ಹೇಳುವ ಬೈಂಡಿಂಗ್ ರೀಡೈರೆಕ್ಟ್ ಬರೆಯದಿದ್ದರೆ ಪ್ರೋಗ್ರಾಂ ಏಳುತ್ತಿರಲಿಲ್ಲ. ಈಗಿನ ಡಾಟ್‌ನೆಟ್ ಸ್ವಲ್ಪ ಸಡಿಲ. ಇರುವ ಅಸೆಂಬ್ಲಿಯ ಸಂಖ್ಯೆ ಕೇಳಿದ್ದಕ್ಕೆ ಸಮನಾಗಿದ್ದರೆ ಅಥವಾ ಹೆಚ್ಚಿದ್ದರೆ ಒಪ್ಪುತ್ತದೆ, ಕಡಿಮೆಯಿದ್ದರೆ ಒಪ್ಪುವುದಿಲ್ಲ.

ನೀವು ಅಸೆಂಬ್ಲಿವರ್ಷನ್ ಅನ್ನೂ ಪ್ರತಿ ಬಿಲ್ಡ್‌ಗೆ ಏರಿಸುತ್ತೀರಿ ಎಂದುಕೊಳ್ಳಿ. ನೆಟ್‌ವರ್ಕ್ ಸರಿಯಿಲ್ಲದ ಊರಿಗೆ ಪೆನ್ ಡ್ರೈವ್‌ನಲ್ಲಿ ಮುಖ್ಯ ಪ್ರೋಗ್ರಾಂ ಮಾತ್ರ ಕಳುಹಿಸಿದಿರಿ, ಮುದ್ರಣದ ಡಿಎಲ್‌ಎಲ್‌ನಲ್ಲಿ ಏನೂ ಬದಲಾಗಿಲ್ಲ ಎಂದು ಅದನ್ನು ಕಳುಹಿಸಲಿಲ್ಲ. ಮುಖ್ಯ ಪ್ರೋಗ್ರಾಂ 2.4.1.0 ಇರುವ ಮುದ್ರಣದ ಡಿಎಲ್‌ಎಲ್ ಕೇಳುತ್ತದೆ, ಅಲ್ಲಿರುವುದು 2.4.0.0. ಟೆಂಡರ್ ಮುಗಿದು ಬೆಳೆಗಾರರು ಚೀಟಿಗಾಗಿ ಸಾಲಿನಲ್ಲಿ ನಿಂತಿರುವ ಹೊತ್ತಿಗೆ ಮುದ್ರಣ ನಿಲ್ಲುತ್ತದೆ. ಬಿಡಿ ಫೈಲ್ ಕಳುಹಿಸುವ ಪದ್ಧತಿಯೇ ಒಳ್ಳೆಯದಲ್ಲ ಎಂದು ನಾನು ಹೇಳಬಹುದು, ಆದರೆ ಮಲೆನಾಡಿನ ಮಳೆಗಾಲದಲ್ಲಿ ಅದು ನಡೆದೇ ನಡೆಯುತ್ತದೆ. ಆದ್ದರಿಂದ ಅಸೆಂಬ್ಲಿವರ್ಷನ್ ಅನ್ನು 2.0.0.0 ಎಂದು ಇಟ್ಟು ಕೈಬಿಡಿ. ಹಳೆಯದರೊಂದಿಗೆ ಹೊಂದದಂತಹ ದೊಡ್ಡ ಬದಲಾವಣೆ ಮಾಡಿದ ದಿನ 3.0.0.0 ಮಾಡಿ.

ಮೂರನೆಯದು ಇನ್ಫರ್ಮೇಷನಲ್‌ವರ್ಷನ್. ಇದು ಬರೀ ಪಠ್ಯ, ಯಾವ ನಿಯಮವೂ ಇಲ್ಲ. ವಿಂಡೋಸ್‌ನ ಡೀಟೇಲ್ಸ್ ಪುಟದಲ್ಲಿ ಪ್ರಾಡಕ್ಟ್ ವರ್ಷನ್ ಎಂದು ಕಾಣುವುದು ಇದೇ. ಡಾಟ್‌ನೆಟ್ 8ರ ಎಸ್‌ಡಿಕೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಗುಣ ಬಂದಿದೆ: ನಿಮ್ಮ ಕೋಡ್ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿದ್ದರೆ, ಆವೃತ್ತಿಯ ಮುಂದೆ ಕೂಡು ಚಿಹ್ನೆ ಹಾಕಿ, ಕಮಿಟ್‌ನ (ಗಿಟ್‌ನಲ್ಲಿ ಉಳಿಸಿದ ಒಂದು ದಾಖಲೆಯ) 40 ಅಕ್ಷರಗಳ ಗುರುತನ್ನು ತಾನಾಗಿ ಸೇರಿಸುತ್ತದೆ. ಕೆಲವರು ಇದು ಉದ್ದವಾಯಿತು, ನೋಡಲು ಚೆನ್ನಾಗಿಲ್ಲ ಎಂದು ಆರಿಸಿಬಿಡುತ್ತಾರೆ. ದಯವಿಟ್ಟು ಆರಿಸಬೇಡಿ. ಯಾವುದೋ ಸಂಘದ ಕಂಪ್ಯೂಟರ್‌ನಲ್ಲಿರುವ ಡಿಎಲ್‌ಎಲ್ ನಿಮ್ಮ ಕೋಡ್‌ನ ಯಾವ ಕಮಿಟ್‌ನಿಂದ ಹುಟ್ಟಿತು ಎಂದು ಖಚಿತವಾಗಿ ಹೇಳುವುದು ಅದೊಂದೇ. ಪರದೆಯ ಮೇಲೆ ಚುಟುಕಾಗಿ ತೋರಿಸಬೇಕಿದ್ದರೆ ಕೂಡು ಚಿಹ್ನೆಯ ಹಿಂದಿನ ಭಾಗವನ್ನು ಮಾತ್ರ ತೋರಿಸಿ.

ಈಗ ಇವನ್ನೆಲ್ಲ ಬರೆಯುವ ಜಾಗಕ್ಕೆ ಬರೋಣ. ಒಂಬತ್ತು ಪ್ರಾಜೆಕ್ಟ್‌ಗಳಲ್ಲಿ ಒಂಬತ್ತು ಸಲ ಬರೆಯಬೇಡಿ. ಸಲ್ಯೂಷನ್ ಇರುವ ಮೂಲ ಫೋಲ್ಡರ್‌ನಲ್ಲಿ ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್ ಎಂಬ ಹೆಸರಿನ ಒಂದು ಫೈಲ್ ಇಡಿ. ಪ್ರತಿ ಪ್ರಾಜೆಕ್ಟ್ ಬಿಲ್ಡ್ ಆಗುವಾಗಲೂ ಎಂಎಸ್‌ಬಿಲ್ಡ್ ಆ ಪ್ರಾಜೆಕ್ಟ್‌ನ ಫೋಲ್ಡರ್‌ನಿಂದ ಮೇಲಕ್ಕೆ ಹುಡುಕುತ್ತಾ ಹೋಗಿ ಅದನ್ನು ಓದುತ್ತದೆ. ನಿಮಗೆ ಸಾಕಾಗುವಷ್ಟು ಹೀಗೆ:

<ಪ್ರಾಜೆಕ್ಟ್>
  <ಪ್ರಾಪರ್ಟಿಗ್ರೂಪ್>
    <ವರ್ಷನ್‌ಪ್ರಿಫಿಕ್ಸ್>2.4.1</ವರ್ಷನ್‌ಪ್ರಿಫಿಕ್ಸ್>
    <ಮಂಡಿಬಿಲ್ಡ್ ಕಂಡಿಷನ್="'$(ಮಂಡಿಬಿಲ್ಡ್)' == ''">0</ಮಂಡಿಬಿಲ್ಡ್>
    <ಅಸೆಂಬ್ಲಿವರ್ಷನ್>2.0.0.0</ಅಸೆಂಬ್ಲಿವರ್ಷನ್>
    <ಫೈಲ್‌ವರ್ಷನ್>$(ವರ್ಷನ್‌ಪ್ರಿಫಿಕ್ಸ್).$(ಮಂಡಿಬಿಲ್ಡ್)</ಫೈಲ್‌ವರ್ಷನ್>
    <ಕಂಪನಿ>ನಿಮ್ಮ ಸಂಸ್ಥೆಯ ಹೆಸರು</ಕಂಪನಿ>
  </ಪ್ರಾಪರ್ಟಿಗ್ರೂಪ್>
</ಪ್ರಾಜೆಕ್ಟ್>

ಸರ್ವರ್‌ನಿಂದ ಕೊಡಬೇಕಾದುದು ಒಂದೇ: -ಪಿ:ಮಂಡಿಬಿಲ್ಡ್=137. ಆಗ ಫೈಲ್ ಆವೃತ್ತಿ 2.4.1.137 ಆಗುತ್ತದೆ. 2.4.1 ಎಂಬುದು ಮನುಷ್ಯರ ತೀರ್ಮಾನ, ಅದು ಗಿಟ್‌ನಲ್ಲಿ ಕೋಡ್‌ನ ಜೊತೆಗೇ ಇರಲಿ. 137 ಎಂಬುದು ಸರ್ವರ್ ಎಣಿಸಿದ್ದು, ಅದು ಹೊರಗಿನಿಂದ ಬರಲಿ. ನಿಮ್ಮ ಸ್ವಂತ ಕಂಪ್ಯೂಟರ್‌ನಲ್ಲಿ ಬಿಲ್ಡ್ ಮಾಡಿದರೆ ಕೊನೆಯಲ್ಲಿ 0 ಬರುತ್ತದೆ. ಕೊನೆಯಲ್ಲಿ 0 ಇರುವ ಫೈಲ್ ಗ್ರಾಹಕರ ಬಳಿ ಕಂಡರೆ, ಯಾರೋ ತಮ್ಮ ಲ್ಯಾಪ್‌ಟಾಪ್‌ನಿಂದ ನೇರವಾಗಿ ಕೊಟ್ಟಿದ್ದಾರೆ ಎಂದು ಆ ಕ್ಷಣವೇ ಗೊತ್ತಾಗುತ್ತದೆ.

ಫೈಲ್‌ವರ್ಷನ್ ಸಾಲನ್ನು ಬಿಟ್ಟರೂ ನಡೆಯುತ್ತದೆ ಎಂದು ನಿಮಗೆ ಅನ್ನಿಸಬಹುದು. ಬಿಡಬೇಡಿ. ಫೈಲ್‌ವರ್ಷನ್ ಕೊಡದಿದ್ದರೆ ಎಸ್‌ಡಿಕೆ ಅದನ್ನು ಅಸೆಂಬ್ಲಿವರ್ಷನ್‌ನಿಂದ ತೆಗೆದುಕೊಳ್ಳುತ್ತದೆ. ನಾವು ಅಸೆಂಬ್ಲಿವರ್ಷನ್ ಅನ್ನು 2.0.0.0ರಲ್ಲಿ ನಿಲ್ಲಿಸಿರುವುದರಿಂದ ಫೈಲ್‌ವರ್ಷನ್ ಕೂಡ ಅಲ್ಲೇ ನಿಂತು, ಇನ್‌ಸ್ಟಾಲರ್‌ನ ಹಳೆಯ ರೋಗ ಹೊಸ ಸಂಖ್ಯೆಯೊಂದಿಗೆ ಮರಳುತ್ತದೆ. ಒಳ್ಳೆಯ ಸಲಹೆಯನ್ನು ಅರ್ಧ ಪಾಲಿಸಿದವರೇ ಇಲ್ಲಿ ಬೀಳುವುದನ್ನು ಕಂಡಿದ್ದೇನೆ.

ಮಂಡಿಬಿಲ್ಡ್ ಎಂಬ ಸ್ವಂತ ಹೆಸರನ್ನು ಬೇಕೆಂದೇ ಇಟ್ಟಿದ್ದೇನೆ. ಎಂಎಸ್‌ಬಿಲ್ಡ್ ಕಂಪ್ಯೂಟರ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೂ ಪ್ರಾಪರ್ಟಿಗಳೆಂದೇ ಎಣಿಸುತ್ತದೆ, ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವನ್ನೂ ಮಾಡುವುದಿಲ್ಲ. ಸರ್ವರ್‌ನಲ್ಲಿ ಇನ್ಯಾವುದೋ ಕೆಲಸಕ್ಕೆ ವರ್ಷನ್ ಎಂಬ ಹೆಸರಿನ ವೇರಿಯಬಲ್ ಯಾರಾದರೂ ಇಟ್ಟಿದ್ದರೆ ಅದು ನಿಮ್ಮ ಬಿಲ್ಡ್‌ನೊಳಗೆ ಸದ್ದಿಲ್ಲದೆ ಬಂದು ಕೂರುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ, ಸರ್ವರ್‌ನಲ್ಲಿ ತಪ್ಪು ಎನ್ನುವ ಪರಿಸ್ಥಿತಿ ಬಂದರೆ ಮೊದಲು ಅಲ್ಲಿ ನೋಡಿ.

ಯಾರ ಮಾತು ಗೆಲ್ಲುತ್ತದೆ ಎಂಬ ಕ್ರಮವೂ ತಿಳಿದಿರಲಿ. ಪ್ರಾಪ್ಸ್ ಫೈಲ್ ಮೊದಲು ಓದಲ್ಪಡುತ್ತದೆ, ಪ್ರಾಜೆಕ್ಟ್ ಫೈಲ್ ಆಮೇಲೆ. ಆದ್ದರಿಂದ ಒಂಬತ್ತರಲ್ಲಿ ಯಾವುದಾದರೂ ಒಂದು ಪ್ರಾಜೆಕ್ಟ್‌ನಲ್ಲಿ ಹಳೆಯ ಅಸೆಂಬ್ಲಿವರ್ಷನ್ ಸಾಲು ಉಳಿದಿದ್ದರೆ ಆ ಪ್ರಾಜೆಕ್ಟ್‌ನ ಮಟ್ಟಿಗೆ ಅದೇ ಗೆಲ್ಲುತ್ತದೆ. ಕಮಾಂಡ್ ಲೈನ್‌ನಿಂದ -ಪಿ ಎಂದು ಕೊಟ್ಟದ್ದು ಇವೆರಡನ್ನೂ ಮೀರುತ್ತದೆ. ಸಲ್ಯೂಷನ್‌ನಲ್ಲಿ ಒಮ್ಮೆ ಎಲ್ಲ ಪ್ರಾಜೆಕ್ಟ್ ಫೈಲ್‌ಗಳಲ್ಲಿ ವರ್ಷನ್ ಎಂಬ ಪದ ಹುಡುಕಿ, ಉಳಿದಿರುವ ಸಾಲುಗಳನ್ನೆಲ್ಲ ತೆಗೆದುಹಾಕಿ. ಪ್ಯಾಕೇಜ್ ರೆಫರೆನ್ಸ್‌ಗಳಲ್ಲಿರುವ ವರ್ಷನ್ ಬೇರೆ, ಅದನ್ನು ಮುಟ್ಟಬೇಡಿ. ಇನ್ನೊಂದು: ಮೇಲಕ್ಕೆ ಹುಡುಕುವಾಗ ಎಂಎಸ್‌ಬಿಲ್ಡ್ ಮೊದಲು ಸಿಕ್ಕ ಪ್ರಾಪ್ಸ್ ಫೈಲ್‌ನಲ್ಲೇ ನಿಲ್ಲುತ್ತದೆ. ಪರೀಕ್ಷೆಗಳ ಫೋಲ್ಡರ್‌ನಲ್ಲಿ ಬೇರೆ ಪ್ರಾಪ್ಸ್ ಫೈಲ್ ಇದ್ದರೆ ಮೂಲದ್ದು ಆ ಕಡೆಗೆ ತಲುಪುವುದೇ ಇಲ್ಲ. ಒಳಗಿನದರಲ್ಲಿ ಹೊರಗಿನದನ್ನು ಇಂಪೋರ್ಟ್ ಮಾಡಬೇಕು. ನಿಮ್ಮ ಸರ್ವರ್ ಲಿನಕ್ಸ್ ಆಗಿದ್ದರೆ ಫೈಲ್‌ನ ಹೆಸರಿನಲ್ಲಿ ಮೂರು ಪದಗಳ ಪೈಕಿ ಮೊದಲೆರಡಕ್ಕೆ ದೊಡ್ಡಕ್ಷರದ ಆರಂಭ, ಪ್ರಾಪ್ಸ್ ಎಂಬುದಕ್ಕೆ ಸಣ್ಣಕ್ಷರ ಇರಲೇಬೇಕು. ವಿಂಡೋಸ್‌ನಲ್ಲಿ ಹೇಗೆ ಬರೆದರೂ ನಡೆಯುವುದರಿಂದ ಈ ತಪ್ಪು ಬಹಳ ದಿನ ಅಡಗಿರುತ್ತದೆ.

ಸಂಖ್ಯೆಯ ಅಳತೆಯ ಬಗ್ಗೆ. ನಾಲ್ಕು ಭಾಗಗಳಲ್ಲಿ ಪ್ರತಿಯೊಂದೂ 16 ಬಿಟ್‌ನಲ್ಲಿ ಹಿಡಿಯಬೇಕು, ಅಂದರೆ 65535 ಮೀರುವಂತಿಲ್ಲ. ಅಸೆಂಬ್ಲಿವರ್ಷನ್‌ನಲ್ಲಿ 65534ರವರೆಗೆ ಮಾತ್ರ. ದಿನಾಂಕವನ್ನೇ ಸಂಖ್ಯೆಯಾಗಿ ಹಾಕಲು ಹೊರಟವರು ಇಲ್ಲಿ ಎಡವುತ್ತಾರೆ. 2024ರ ಜೂನ್ 15ನ್ನು 240615 ಎಂದು ಬರೆದರೆ ಹಿಡಿಯುವುದಿಲ್ಲ. ದಿನಾಂಕ ಬೇಕೇ ಬೇಕೆಂದರೆ ವರ್ಷದ ಎರಡು ಅಂಕಿ, ಅದರ ಮುಂದೆ ವರ್ಷದ ಎಷ್ಟನೆಯ ದಿನ ಎಂಬ ಮೂರು ಅಂಕಿ ಹಾಕಿ: ಜೂನ್ 15, 2024ಕ್ಕೆ 24167. ಹಿಂದೆ 1.0.* ಎಂದು ನಕ್ಷತ್ರ ಹಾಕುವ ರೂಢಿಯೂ ಇತ್ತು. ಆಗ ಕಂಪೈಲರ್ ಮೂರನೆಯ ಜಾಗದಲ್ಲಿ 2000ದ ಜನವರಿ 1ರಿಂದ ಎಷ್ಟು ದಿನವಾಯಿತು ಎಂದೂ, ನಾಲ್ಕನೆಯ ಜಾಗದಲ್ಲಿ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಅರ್ಧವನ್ನೂ ಹಾಕುತ್ತಿತ್ತು. ದಿನಕ್ಕೆ 86400 ಸೆಕೆಂಡು, ಅದು 16 ಬಿಟ್‌ನಲ್ಲಿ ಹಿಡಿಯುವುದಿಲ್ಲ, ಅರ್ಧ ಮಾಡಿದರೆ ಹಿಡಿಯುತ್ತದೆ. ಈಗಿನ ಎಸ್‌ಡಿಕೆ ಒಂದೇ ಕೋಡ್‌ನಿಂದ ಯಾವಾಗ ಕಂಪೈಲ್ ಮಾಡಿದರೂ ಒಂದೇ ಫೈಲ್ ಬರಬೇಕೆಂಬ ನಿಯಮವನ್ನು ತಾನಾಗಿ ಪಾಲಿಸುವುದರಿಂದ ನಕ್ಷತ್ರ ಹಾಕಿದರೆ ದೋಷ ಕೊಡುತ್ತದೆ. ಅದನ್ನು ಬಿಟ್ಟದ್ದೇ ಒಳ್ಳೆಯದಾಯಿತು.

ಸರ್ವರ್‌ನಲ್ಲಿ ಬಿಲ್ಡ್ ಒಂದು ಹಂತ, ಗ್ರಾಹಕರಿಗೆ ಕೊಡುವ ಫೈಲ್‌ಗಳನ್ನು ಸಿದ್ಧಮಾಡುವ ಪಬ್ಲಿಷ್ ಇನ್ನೊಂದು ಹಂತ ಎಂದು ಇಟ್ಟಿದ್ದರೆ ಎಚ್ಚರ. ಬಿಲ್ಡ್‌ಗೆ ಮಂಡಿಬಿಲ್ಡ್ ಕೊಟ್ಟು ಪಬ್ಲಿಷ್‌ಗೆ ಕೊಡಲು ಮರೆತರೆ, ಪಬ್ಲಿಷ್ ಮತ್ತೆ ಬಿಲ್ಡ್ ಮಾಡುತ್ತದೆ. ವಿವರ ಬದಲಾಗಿರುವುದನ್ನು ಕಂಡು ಅಸೆಂಬ್ಲಿಇನ್ಫೋ ಹೊಸದಾಗಿ ಬರೆದು, ಕೊನೆಯಲ್ಲಿ 0 ಇರುವ ಫೈಲನ್ನೇ ಹೊರಗೆ ಹಾಕುತ್ತದೆ. ಎರಡೂ ಕಡೆ ಒಂದೇ ಸಂಖ್ಯೆ ಕೊಡಿ, ಇಲ್ಲವೇ ಪಬ್ಲಿಷ್‌ಗೆ ಮತ್ತೆ ಬಿಲ್ಡ್ ಮಾಡಬೇಡ ಎಂಬ ನೋ-ಬಿಲ್ಡ್ ಆಯ್ಕೆ ಕೊಡಿ.

ಪಬ್ಲಿಷ್ ಆದ ಮೇಲೆ ಒಂದು ಸಣ್ಣ ತಪಾಸಣೆಯ ಹಂತ ಸೇರಿಸಿ. ನಿಮ್ಮ ಒಂಬತ್ತು ಡಿಎಲ್‌ಎಲ್‌ಗಳನ್ನೂ ಒಂದೊಂದಾಗಿ ತೆರೆದು ಪವರ್‌ಶೆಲ್‌ನಲ್ಲಿ ವರ್ಷನ್‌ಇನ್ಫೋ ಓದಿ, ಫೈಲ್‌ವರ್ಷನ್ ನಿರೀಕ್ಷಿಸಿದ್ದಕ್ಕೆ ಹೊಂದದಿದ್ದರೆ ಬಿಲ್ಡ್ ಅನ್ನು ಅಲ್ಲೇ ನಿಲ್ಲಿಸಿ. ಹತ್ತು ಸಾಲಿನ ಕೆಲಸ. ನಾನು ಮೇಲೆ ಬರೆದ ತಪ್ಪುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಆಗುವಂಥವು, ಅವಕ್ಕೆ ಸದ್ದು ಕೊಡುವುದು ಈ ಹಂತ ಮಾತ್ರ. ಪ್ರೋಗ್ರಾಂನ ಮೊದಲ ಪರದೆಯ ಕೆಳಗೂ ಈ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ತೋರಿಸಿ. ಮಳೆಯ ಸದ್ದಿನಲ್ಲಿ ಫೋನ್ ಹಿಡಿದು ನಿಂತವರಿಗೆ ಪ್ರಾಪರ್ಟೀಸ್, ಡೀಟೇಲ್ಸ್ ಎಂದು ದಾರಿ ಹೇಳುವ ಕಷ್ಟ ತಪ್ಪುತ್ತದೆ.

ನೀವು ಕೇಳದಿದ್ದರೂ ಒಂದನ್ನು ಹೇಳುತ್ತೇನೆ, ನಿಮ್ಮಂಥ ತಂತ್ರಾಂಶಕ್ಕೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಡಾಟ್‌ನೆಟ್ 5ರ ಎಸ್‌ಡಿಕೆಯಿಂದ ಅಸೆಂಬ್ಲಿಮೆಟಾಡೇಟಾ ಎಂಬ ಐಟಂ ಇದೆ. ಪ್ರಾಪ್ಸ್ ಫೈಲ್‌ನ ಐಟಂಗ್ರೂಪ್‌ನಲ್ಲಿ ಇನ್‌ಕ್ಲೂಡ್‌ಗೆ ಒಂದು ಹೆಸರು, ವ್ಯಾಲ್ಯೂಗೆ ಒಂದು ಮೌಲ್ಯ ಕೊಟ್ಟರೆ ಅದು ಡಿಎಲ್‌ಎಲ್‌ನೊಳಗೆ ಸೇರುತ್ತದೆ, ಪ್ರೋಗ್ರಾಂ ಅದನ್ನು ಓದಬಹುದು. ನಾನು ಇದರಲ್ಲಿ ಡೇಟಾಬೇಸ್ ರಚನೆಯ ಸಂಖ್ಯೆಯನ್ನು ಇಡುತ್ತೇನೆ. ಪ್ರೋಗ್ರಾಂ ಎದ್ದ ತಕ್ಷಣ ಡೇಟಾಬೇಸ್‌ನಲ್ಲಿರುವ ಸಂಖ್ಯೆಗೂ ಇದಕ್ಕೂ ಹೋಲಿಸಿ, ಹೊಂದದಿದ್ದರೆ ಒಂದು ಚೀಟಿಯನ್ನೂ ಮುದ್ರಿಸದೆ ನಿಲ್ಲುತ್ತದೆ. ತಪ್ಪು ಚೀಟಿ ಕೊಡುವುದಕ್ಕಿಂತ ಅರ್ಧ ಗಂಟೆ ನಿಲ್ಲುವುದು ಬೆಳೆಗಾರರಿಗೂ ಸಂಘಕ್ಕೂ ಮೇಲು. ಬಿಲ್ಡ್ ಆದ ದಿನಾಂಕ, ಸಮಯಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ; ಪ್ರತಿ ಬಿಲ್ಡ್‌ಗೂ ಫೈಲ್ ಬೇರೆಯಾಗಿ, ಏನೂ ಬದಲಾಗದ ಡಿಎಲ್‌ಎಲ್ ಕೂಡ ಬದಲಾದಂತೆ ಕಾಣುತ್ತದೆ. ಯಾವ ದಿನದ ಕೋಡ್ ಎಂಬುದನ್ನು ಕಮಿಟ್‌ನ ಗುರುತಿನಿಂದಲೇ ತಿಳಿಯಬಹುದು.

ಕೊನೆಗೆ ಕನ್ನಡದ ಹೆಸರು. ಖಂಡಿತ ಹಾಕಬಹುದು, ಹಾಕಿ. ಡಿಎಲ್‌ಎಲ್‌ನೊಳಗಿನ ಈ ವಿವರಗಳು ಯೂನಿಕೋಡ್‌ನಲ್ಲಿರುತ್ತವೆ, ಕನ್ನಡಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ನಮ್ಮ ಹೊಳೆಯ ಹೆಸರು ಹೊತ್ತ ತುಂಗಾ ಎಂಬ ಕನ್ನಡ ಫಾಂಟ್ ಜೊತೆಗೆ ಬರುತ್ತಿತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ. ನಿಮ್ಮ ಪ್ರಶ್ನಾರ್ಥಕ ಚಿಹ್ನೆಗಳು ಬಂದದ್ದು ಹಳೆಯ ಸ್ಕ್ರಿಪ್ಟ್‌ನಿಂದ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಗೆಟ್-ಕಂಟೆಂಟ್‌ನಿಂದ ಫೈಲ್ ಓದಿ, ಸಂಖ್ಯೆ ಬದಲಿಸಿ, ಸೆಟ್-ಕಂಟೆಂಟ್‌ನಿಂದ ಮರಳಿ ಬರೆದಾಗ, ಬೇರೆ ಹೇಳದಿದ್ದರೆ ಅದು ಯುಟಿಎಫ್-8ರಲ್ಲಿ ಬರೆಯುವುದಿಲ್ಲ; ಆ ಕಂಪ್ಯೂಟರ್‌ನ ಹಳೆಯ ಕೋಡ್ ಪೇಜ್‌ನಲ್ಲಿ, ಅಂದರೆ ಸೀಮಿತ ಅಕ್ಷರಗಳ ಪಟ್ಟಿಯಲ್ಲಿ, ಬರೆಯುತ್ತದೆ. ಆ ಪಟ್ಟಿಯಲ್ಲಿ ಕನ್ನಡದ ಅಕ್ಷರಗಳಿಲ್ಲ. ಇಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಹೀಗೆ ಹೋದ ಅಕ್ಷರ ಮೂಲ ಫೈಲ್‌ನಿಂದಲೇ ಹೋದಂತೆ, ಮತ್ತೆ ಟೈಪ್ ಮಾಡದೆ ಬರುವುದಿಲ್ಲ. ಆ ಸ್ಕ್ರಿಪ್ಟ್ ಅನ್ನು ಇಂದೇ ತೆಗೆದುಹಾಕಿ, ಅದರ ಕೆಲಸ ಈಗ ಉಳಿದಿಲ್ಲ.

ಹೆಸರನ್ನು ಕಮಾಂಡ್ ಲೈನ್‌ನಿಂದಲೂ ಕಳುಹಿಸಬೇಡಿ. ಎಂಎಸ್‌ಬಿಲ್ಡ್ ಅಲ್ಲಿ ಅಲ್ಪವಿರಾಮವನ್ನೂ ಅರ್ಧವಿರಾಮವನ್ನೂ ಹೊಸ ಪ್ರಾಪರ್ಟಿಯ ಆರಂಭವೆಂದು ಓದುತ್ತದೆ. ಹೆಸರಿನ ಕೊನೆಗೆ ಅಲ್ಪವಿರಾಮ ಹಾಕಿ ಸಾಗರ ಎಂದು ಬರೆದಿದ್ದರೆ, ಸಾಗರ ಎಂಬುದು ಸರಿಯಾದ ಪ್ರಾಪರ್ಟಿಯಲ್ಲ ಎಂದು ಎಂಎಸ್‌ಬಿ 1006 ದೋಷ ಕೊಟ್ಟು ನಿಲ್ಲುತ್ತದೆ. ಉದ್ಧರಣ ಚಿಹ್ನೆಯೊಳಗೆ ಇಟ್ಟರೂ ಕೇಳುವುದಿಲ್ಲ, ಅಲ್ಪವಿರಾಮದ ಬದಲು %2ಸಿ ಎಂದು ಬರೆಯಬೇಕಾಗುತ್ತದೆ. ಪ್ರಾಪ್ಸ್ ಫೈಲ್‌ನಲ್ಲಿ ಈ ಗೋಳಿಲ್ಲ. ಆ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಕಂಪನಿ ಸಾಲಿನಲ್ಲಿ ಅಲ್ಪವಿರಾಮ ಸಮೇತ ಪೂರ್ತಿ ಹೆಸರು ಬರೆಯಿರಿ. ಹೆಸರಿನಲ್ಲಿ & ಇದ್ದರೆ ಮಾತ್ರ ಎಕ್ಸ್‌ಎಂಎಲ್ ಒಪ್ಪುವುದಿಲ್ಲ; ಆ ಜಾಗದಲ್ಲಿ "ಮತ್ತು" ಎಂದೇ ಬರೆದುಬಿಡಿ.